ತಲೆಕೆಳಗು ತೋರಿಸುವ ದುರ್ಬೀನು

ಪಿರಿಯಾಪಟ್ಟಣದಲ್ಲಿ ನಮ್ಮದು ದಿನಸಿ ಅಂಗಡಿ. ಮಾವ ತೀರಿಕೊಂಡ ಮೇಲೆ ಗಲ್ಲಾದ ಮುಂದೆ ಅತ್ತೆಯೇ ಕೂರುತ್ತಿದ್ದರು. ನನ್ನ ಗಂಡ ಸರಕಿಗಾಗಿ ಮೈಸೂರು, ಕೆ.ಆರ್. ನಗರ ಎಂದು ಸುತ್ತುತ್ತಿದ್ದರು. ಮದುವೆಯಾಗಿ ಬಂದ ಹೊಸತು. ಉಪ್ಪು, ಹುಳಿ, ಸೌದೆ ಬಿಟ್ಟರೆ ನನಗೂ ಅತ್ತೆಗೂ ಬೇರೆ ಮಾತಿರಲಿಲ್ಲ.

ಒಂದು ಬೇಸಿಗೆಯ ಸಂಜೆ ಬೆಲ್ಲ ಕೊಳ್ಳಲು ಬಂದ ಹೈಸ್ಕೂಲು ಮೇಷ್ಟರು ಆಕಾಶ ತೋರಿಸಿ, ಅಲ್ಲಿ ಮೂಡುತ್ತಿರುವುದು ಶನಿ, ಅದರ ಸುತ್ತ ಬಳೆಯಂಥದ್ದೊಂದಿದೆ, ದುರ್ಬೀನಿನಲ್ಲಿ ಕಾಣುತ್ತದೆ ಎಂದು ಹೇಳಿ ಹೋದರು. ಅತ್ತೆ ತಕ್ಕಡಿ ಕೆಳಗಿಟ್ಟು ಬೀದಿಗಿಳಿದು ನೋಡಿದರು. ಮಾವ ಸತ್ತದ್ದು ಏಳರಾಟದ ಶನಿಯಿಂದ ಎಂದು ಜೋಯಿಸರು ಹೇಳಿದ್ದರು. ಅಂದಿನಿಂದ ಪ್ರತಿ ಶನಿವಾರ ಅತ್ತೆ ಎಣ್ಣೆ ಬತ್ತಿ ತಪ್ಪಿಸಿರಲಿಲ್ಲ.

"ಇಷ್ಟ್ ವರ್ಸ ಎಣ್ಣೆ ಉಯ್ದಿವ್ನಿ. ಮಕ ಎಂಗದೆ ಅಂತ ಒಂದ್ ಸಲ ನೋಡ್ಬುಡ್ಬೇಕು ಕಣವ್ವ," ಎಂದರು.

ನಾನು ತಮಾಷೆ ಅಂದುಕೊಂಡೆ. ಮಾರನೆಯ ವಾರ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ನನ್ನನ್ನು ಕರೆದುಕೊಂಡು ಹುಣಸೂರಿನ ಬಸ್ಸು ಹತ್ತಿದರು. ಅಲ್ಲಿ ಮರ ಕೊಯ್ಯುವ ಮಿಲ್ಲಿನ ಪಕ್ಕದಲ್ಲಿ ಹಳೇ ಸಾಮಾನಿನ ಸಾಹೇಬರೊಬ್ಬರ ಅಂಗಡಿಯಿತ್ತು. ಕೊಡಗಿನ ತೋಟಗಳನ್ನು ಮಾರಿ ತಮ್ಮ ದೇಶಕ್ಕೆ ಹೊರಟ ದೊರೆಗಳ ಕುರ್ಚಿ, ಮೇಜು, ಗಡಿಯಾರವೆಲ್ಲ ಅವರಲ್ಲಿಗೆ ಬರುತ್ತಿದ್ದವು.

ದುರ್ಬೀನು ಎರಡಿದ್ದವು. ಒಂದು ಹಿತ್ತಾಳೆಯದು, ಒಂದರೊಳಗೊಂದು ಸೇರಿಕೊಳ್ಳುವ ಕೊಳವೆ, ಚರ್ಮದ ಚೀಲ. ಇನ್ನೊಂದು ಉದ್ದನೆಯ ಕರೀ ತಗಡಿನ ಕೊಳವೆ. ಬಣ್ಣ ಎದ್ದಿತ್ತು. ಅದಕ್ಕೆ ತೇಗದ ಮೂರು ದಪ್ಪ ಕಾಲು, ಮೇಲಕ್ಕೂ ಪಕ್ಕಕ್ಕೂ ತಿರುಗಿಸಿ ಬಿಗಿ ಮಾಡಲು ಕಬ್ಬಿಣದ ತಿರುಪು.

ಅತ್ತೆ ಹಿತ್ತಾಳೆಯದನ್ನು ಬಾಗಿಲಿಗೆ ಒತ್ತಿ ಹಿಡಿದು ರಸ್ತೆ ನೋಡಿದರು. ಎತ್ತಿನ ಗಾಡಿಯೊಂದು ಹತ್ತಿರ ಬಂತು. ಖುಷಿಯಾದರು. ಆಮೇಲೆ ಕರಿಯದಕ್ಕೆ ಕಣ್ಣಿಟ್ಟು ಥಟ್ಟನೆ ಹಿಂದೆ ಸರಿದರು.

"ಎತ್ತು ಕಾಲ್ ಮ್ಯಾಕ್ ಮಾಡ್ಕಂಡ್ ಓಯ್ತಾವಲ್ಲ!"

"ಅದು ಹಂಗೇ ಅಮ್ಮಾ, ಉಲ್ಟಾ ತೋರಿಸ್ತದೆ," ಎಂದರು ಸಾಹೇಬರು.

ಮೈಸೂರಿನಲ್ಲಿ ಓದುವಾಗ ನಮ್ಮ ಟೀಚರೊಬ್ಬರು ಇಂಥದ್ದರಲ್ಲೇ ಚಂದ್ರನನ್ನು ತೋರಿಸಿದ್ದರು. ಕೊಳವೆ ಮುಟ್ಟಿದರೆ ಚಂದ್ರ ಓಡಿಹೋಗುತ್ತಾನೆ ಎಂದು ಗದರಿದ್ದು ನೆನಪಿತ್ತು. "ಅತ್ತೆ, ಗ್ರಹಕ್ಕೆ ತಲೆ ಕಾಲು ಏನಿರುತ್ತೆ? ಅಲುಗಾಡದೆ ನಿಲ್ಲೋದು ಮುಖ್ಯ. ಕರೀದೇ ತಗೊಳ್ಳೋಣ," ಎಂದೆ.

"ತಲೆಕೆಳಗಾದ ಶನೀನ ಯಾರಾದ್ರೂ ಮನೇಗ್ ತತ್ತಾರಾ? ನೆಟ್ಟಗಿದ್ದಾಗ್ಲೇ ಇಷ್ಟ್ ಕಾಡವ್ನೆ," ಎಂದರು ಅತ್ತೆ. ಹಿತ್ತಾಳೆಯದೇ ಬಂತು.

ಅಂದು ಕತ್ತಲಾಗುತ್ತಲೇ ಹಿತ್ತಲಿಗೆ ಹೋದೆವು. ಕೈಯಲ್ಲಿ ಹಿಡಿದರೆ ಶನಿ ಮಿಣುಕುಹುಳದ ಹಾಗೆ ಕುಣಿಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟರೆ ಅಷ್ಟು ಎತ್ತರಕ್ಕೆ ತಿರುಗಿಸಲಾಗಲಿಲ್ಲ. ಕೊನೆಗೆ ನನ್ನನ್ನು ನಿಲ್ಲಿಸಿ ನನ್ನ ಹೆಗಲ ಮೇಲಿಟ್ಟುಕೊಂಡರು.

"ಉಸ್ರು ಬುಡ್ಬೇಡ."

"ಉಸಿರು ಬಿಡದೆ ಹೇಗಿರಲಿ ಅತ್ತೆ?"

"ಒಂದ್ ಗಳಿಗೆ ಕಣವ್ವ."

ಅದೂ ಆಗಲಿಲ್ಲ. ಗಂಡ ಎರಡು ಬಿದಿರು ಕತ್ತರಿಯಾಗಿ ಕಟ್ಟಿಕೊಟ್ಟರು. ಗಾಳಿಗೆ ಅದೂ ನಡುಗಿತು. ಅತ್ತೆ ಕೊಳವೆಯನ್ನು ಚೀಲಕ್ಕೆ ಸೇರಿಸಿ ದೇವರ ಕೋಣೆಯ ಗೂಡಿನಲ್ಲಿಟ್ಟರು. ಎಷ್ಟೋ ದಿನ ಅದರ ಸುದ್ದಿಯೆತ್ತಲಿಲ್ಲ. ಆಮೇಲೊಂದು ಬೆಳಿಗ್ಗೆ ರಾಗಿ ಕೇರುತ್ತಿದ್ದವರು ಮೊರದಿಂದ ತಲೆಯೆತ್ತದೆ, "ಆ ಕರೇದು ಇನ್ನೂ ಇದ್ದದಾ?" ಎಂದು ಕೇಳಿದರು. ಮತ್ತೆ ಹುಣಸೂರಿಗೆ ಹೋದೆವು.

ಇತ್ತು. ಸಾಹೇಬರು ತಕರಾರಿಲ್ಲದೆ ಬದಲು ಕೊಟ್ಟರು. ಕಣ್ಣಿನ ಕಡೆ ಹಾಕುವ ಎರಡು ಗಾಜುಗಳಿದ್ದ ಡಬ್ಬಿಯನ್ನೂ ಹುಡುಕಿ ಕೈಗಿತ್ತರು. ಬರುವಾಗ ಮೂರು ಕಾಲಿನ ಸ್ಟ್ಯಾಂಡನ್ನು ಬಸ್ಸಿನ ಮೇಲೆ ಕಟ್ಟಿದ್ದರು. ಕಂಪಲಾಪುರದಲ್ಲಿ ಯಾರೋ, "ಯಾರ್ ಮನೇಲಿ ಮದ್ವೆ? ಪೋಟೋ ತೆಗ್ಯೋರ್ ಬಂದವ್ರೆ," ಎಂದರು. ಅತ್ತೆ ಸೆರಗು ಎಳೆದುಕೊಂಡು ಮುಂದೆ ನೋಡುತ್ತ ಕೂತಿದ್ದರು.

ಆ ಸಂಜೆ ನಾನೇ ಸ್ಟ್ಯಾಂಡು ನಿಲ್ಲಿಸಿದೆ. ಹೆಚ್ಚು ದೊಡ್ಡದು ಮಾಡುವ ಗಾಜನ್ನೇ ಹಾಕು ಎಂದು ಅತ್ತೆ ಅವಸರಪಡಿಸಿದರು. ಹಾಕಿದರೆ ಗ್ರಹವೇ ಸಿಗಲಿಲ್ಲ. ಕಡಿಮೆಯದನ್ನು ಹಾಕಿ, ಹುಡುಕಿ, ತಿರುಪು ಬಿಗಿ ಮಾಡಿ ಆಮೇಲೆ ಬದಲಿಸಿದೆ. ಬಳೆ ಕಂಡಿತು. ಭತ್ತದ ಕಾಳಿಗಿಂತ ಚಿಕ್ಕದು, ಆದರೂ ಸ್ಪಷ್ಟ, ಒಳಗಿನ ಉಂಡೆಗೂ ಬಳೆಗೂ ನಡುವೆ ಕಪ್ಪು ಸಂದು.

"ಮುಟ್ಟಬೇಡಿ, ಬರೀ ನೋಡಿ," ಎಂದು ಪಕ್ಕಕ್ಕೆ ಸರಿದೆ.

ಅತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಗ್ರಹ ಸರಿದು ಮರೆಯಾದಾಗ, "ಓಯ್ತು," ಎಂದರು. ಮತ್ತೆ ತಂದು ನಿಲ್ಲಿಸಿದೆ. ಮತ್ತೆ ನೋಡಿದರು.

"ಇಷ್ಟ್ ಸಣ್ದು," ಎಂದರು. "ಅಷ್ಟ್ ದೂರ್ದಲ್ಲವ್ನೆ. ಇವ್ನಿಗೇನ್ ಗೊತ್ತು ನಮ್ಮನೆ ಬಾಗ್ಲು?"

ಅವರು ಅತ್ತರೋ ಇಲ್ಲವೋ ಕತ್ತಲಲ್ಲಿ ನನಗೆ ತಿಳಿಯಲಿಲ್ಲ. ಶನಿವಾರದ ಎಣ್ಣೆಯನ್ನಂತೂ ನಿಲ್ಲಿಸಲಿಲ್ಲ.

ಶನಿಯನ್ನು ನೋಡಿಯಾದ ಮೇಲೆ ದುರ್ಬೀನು ಅಟ್ಟ ಸೇರುತ್ತದೆ ಅಂದುಕೊಂಡಿದ್ದೆ. ಮರುದಿನ ಪಶ್ಚಿಮದಲ್ಲಿದ್ದ ಗುರುವನ್ನು ತೋರಿಸಿದೆ. ಅವನ ಪಕ್ಕ ಸಾಲಾಗಿ ನಾಲ್ಕು ಚುಕ್ಕಿ. ಅವು ಅವನ ಚಂದ್ರರು ಎಂದೆ. ಅದರ ಮಾರನೆಯ ಸಂಜೆ ಮೂರೇ ಕಂಡವು. ನಾನೇನೋ ತಿರುಪು ಕೆಡಿಸಿದ್ದೇನೆಂದು ಅತ್ತೆ ರೇಗಿದರು. ಒಂದು ಗುರುವಿನ ಮರೆಗೆ ಹೋಗಿದೆ, ಬರುತ್ತದೆ ಎಂದರೂ ನಂಬಲಿಲ್ಲ. ಮತ್ತೊಂದು ಸಂಜೆ ನಾಲ್ಕೂ ಇದ್ದವು, ಬೇರೆ ಬೇರೆ ಜಾಗದಲ್ಲಿ.

ಅಲ್ಲಿಂದ ಮುಂಗಾರು ಮೋಡ ಕಟ್ಟುವವರೆಗೆ ದಿನವೂ ದೀಪ ಹಚ್ಚಿದ ಮೇಲೆ ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ಕರೆಯುತ್ತಿದ್ದರು: "ಒಲೆ ಉರಿ ತಗ್ಗಿಸ್ಬುಟ್ಟು ಬಾರವ್ವ. ಇವತ್ತೆಷ್ಟವೆ ನೋಡುವಾ."