ಪದ್ದಿಗೆ ಕೊಟ್ಟ ಹಣ್ಣು

ನನ್ನ ತಂಗಿ ಪದ್ದಿಯ ಬಾಯಿಗೆ ಆ ಕೆಂಪು ಹಣ್ಣನ್ನು ಇಟ್ಟವನು ನಾನು. ನೀವಲ್ಲ, ವರ್ಕಿ ಚೇಟ್ಟಾ. ನಮ್ಮ ಅಂಗಳದ ಒರಳಿನ ಮೇಲೆ ನಮ್ಮವರು ನಿಮ್ಮ ಬಲಗೈ ಇಟ್ಟು ಒನಕೆಯಿಂದ ಜಜ್ಜಿದಾಗಲೂ ಅದು ನನಗೆ ಗೊತ್ತಿತ್ತು.

ನೀವು ತೆಂಕಣ ಮಲಯಾಳದಿಂದ ಬಂದು ಪುಲ್ಪಳ್ಳಿಯಲ್ಲಿ ನಮ್ಮ ಗದ್ದೆಯ ಮೇಲಿನ ಇಳಿಜಾರನ್ನು ಕಡಿದು ಮರಗೆಣಸು ಹಾಕಿದ್ದಿರಿ. ತೋಡಿನ ನೀರಿಗಾಗಿ ನಮ್ಮ ಮನೆಗೂ ನಿಮಗೂ ಆಗಲೇ ಜಗಳ. ಗದ್ದೆಯ ಬದುವಿನ ಮೇಲೆ ಒಂದು ಗಿಡ ನೆಲಕ್ಕಂಟಿ ಹರಿಯುತ್ತಿತ್ತು — ಮೂರೆಲೆಯ ಗೊಂಚಲು, ಐದೆಸಳಿನ ಹಳದಿ ಹೂ, ಆಮೇಲೆ ಗುಂಡಗಿನ ಕೆಂಪು ಹಣ್ಣು. ಎಷ್ಟು ಕೆತ್ತಿದರೂ ಬೇರು ಸಾಯದೆ ಮತ್ತೆ ಚಿಗುರುವ ಜಾತಿ. ನಮ್ಮಲ್ಲಿ ಅದಕ್ಕೆ ಹೆಸರಿರಲಿಲ್ಲ. ಹೆಸರು ತಿಳಿಯದ ಹಣ್ಣನ್ನು ನಮ್ಮ ಜೈನರ ಮನೆಯಲ್ಲಿ ಬಾಯಿಗಿಡುವುದಿಲ್ಲ. ನಾನೋ, ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಂದವನು. ಮನೆಯ ಒಂದೊಂದು ನೇಮವನ್ನೂ ಮುರಿದು ನೋಡುವ ಚಪಲ.

"ಹೆಸರೇನಣ್ಣ ಇದಕ್ಕೆ?" ಅಂದಳು ಪದ್ದಿ. ಇನ್ನೂ ಹಾಲುಹಲ್ಲು ಬೀಳದ ಹುಡುಗಿ.

"ಗುಲಾಬಿಯ ತಂಗಿ. ಹೆಸರು ಹೇಳಿದೆನಲ್ಲ, ಇನ್ನು ತಿನ್ನು."

"ಥೂ! ಬರೀ ನೀರು! ನಿನ್ನ ಓದಿನ ಹಾಗೇ ಇದೆ ಅಂತ ಅಪ್ಪನಿಗೆ ಹೇಳ್ತೀನಿ."

ಇಬ್ಬರೂ ನಕ್ಕೆವು. ಮೇಲೆ ನೀವು ಗುದ್ದಲಿಗೆ ಒರಗಿ ನಿಂತಿದ್ದಿರಿ — ನಿಂತಿದ್ದಿರಾ? ನಮ್ಮ ಕಡೆ ನೋಡುತ್ತಿದ್ದಿರಾ? ಇದನ್ನು ನಾನು ನಿಜವಾಗಿಯೂ ಅರಿಯೆ.

ಸಂಜೆಗೆ ಅವಳಿಗೆ ಎಚ್ಚರ ತಪ್ಪುವಷ್ಟು ಜ್ವರ ಏರಿತು. ವಾಂತಿಯಲ್ಲಿ ಕೆಂಪು ಚೂರುಗಳು. ಹಿಂದೊಮ್ಮೆ ನೀವು ಅವಳಿಗೆ ಬೇಯಿಸಿದ ಗೆಣಸು ಕೊಟ್ಟಿದ್ದಿರಿ. ನೆಲದಡಿಯ ಗೆಡ್ಡೆ ಎಂದು ಅಮ್ಮ ಅವಳ ಬಾಯಿ ತೊಳೆಸಿದ್ದಳು. ಹಾಗಾಗಿ ನಿಮ್ಮ ಹೆಸರು ಎಲ್ಲರ ನಾಲಗೆಯ ತುದಿಯಲ್ಲೇ ಇತ್ತು. ಸೋದರಮಾವ ನೇಮಿರಾಜ ನನ್ನ ತೋಳು ಹಿಡಿದು ಕೇಳಿದ: "ಓದಿದವನಲ್ವೇನೋ ನೀನು? ವಿಷವಾ ಇದು?"

"ಇರಬಹುದು," ಅಂದೆ.

"ಆ ಚೇಟ್ಟ ಅಲ್ಲಿದ್ನಾ?"

"ಅಲ್ಲೇ ಇದ್ದ."

ಬೆರಳು ಮಾಡಿ ನಿಮ್ಮ ಗುಡಿಸಲನ್ನು ತೋರಿಸಿದೆನೇ? ಕೆಲವು ಸಲ ಆ ಬೆರಳು ಕಾಣುತ್ತದೆ, ಕೆಲವು ಸಲ ಇಲ್ಲ. ನೆನಪು ಸಾಕ್ಷಿಯಲ್ಲ, ಅದು ಪ್ರತಿ ಸಲವೂ ಹೊಸದಾಗಿ ಕಟ್ಟುವ ಕಥೆ — ಹೀಗೆಂದು ನಾನೇ ಬಹಳ ಜನರೊಡನೆ ವಾದಿಸಿದ್ದೇನೆ. ಆ ವಾದದ ಮರೆಯಲ್ಲಿ ಇಷ್ಟು ವರ್ಷ ಅಡಗಿದ್ದೆ. ಬೆರಳು ಸುಳ್ಳಿರಲಿ. ಆ ಎರಡು ಉತ್ತರಗಳು ನನ್ನವೇ.

ಬೆಳಿಗ್ಗೆ ಆಳುಗಳು ನಿಮ್ಮನ್ನು ಹೊಲದಿಂದ ಕೂದಲು ಹಿಡಿದು ಎಳೆದು ತಂದರು. ಮೆಟ್ಟಿಲಿಗೆ ಮುಖ ಅಪ್ಪಳಿಸಿ ಹಲ್ಲು ಮುರಿದಿತ್ತು. ನೊಗದ ಗೂಟದಿಂದ ಬೆನ್ನಿಗೆ ಹೊಡೆದರು; ಬಿದ್ದ ಮೇಲೆ ಪಕ್ಕೆಗೆ ಒದ್ದರು. ಅಪ್ಪ ಜಗಲಿಯಿಂದ ಕೂಗಿದ — "ಪ್ರಾಣ ತೆಗೀಬೇಡ್ರೋ! ನಮ್ಮ ಮನೇಲಿ ಜೀವಹಿಂಸೆ ಆಗಬಾರದು!" ಮಾವ ನಕ್ಕ. "ಪ್ರಾಣ ಯಾರಿಗೆ ಬೇಕು ಭಾವ? ಕೊಟ್ಟ ಕೈ ಒಂದು ಸಾಕು."

"ಞಾನಲ್ಲ ಗೌಡ್ರೇ, ದೈವತ್ತಾಣೆ ನಾ ಕೊಟ್ಟಿಲ್ಲ!" ಅಂದಿರಿ. ಆಮೇಲೆ ರಕ್ತ ತುಂಬಿದ ಬಾಯಿಂದ, ನನ್ನ ಕಡೆ ತಿರುಗಿ, ಮಗನನ್ನು ಕರೆಯುವಂತೆ — "ಮೋನೇ, ನೀನು ಹೇಳು."

ಅಷ್ಟೇ. 'ನೀನೇ ಕೊಟ್ಟೆಯಲ್ಲ' ಅನ್ನಲಿಲ್ಲ. ನೋಡಿರಲಿಲ್ಲವೇ? ಅಥವಾ ನೋಡಿಯೂ, ನಾನೇ ಹೇಳುತ್ತೇನೆಂದು ನಂಬಿ —

ಒನಕೆ ಬಿದ್ದಾಗ ಹಸಿ ಬಿದಿರು ಸೀಳಿದಂಥ ಸದ್ದು. ಎರಡನೆಯ ಏಟಿಗೆ ನೀವು ಕೂಗಲಿಲ್ಲ. ಬೆರಳುಗಳು ಒರಳಿನ ಅಂಚಿನಲ್ಲಿ ಒಂದೊಂದೂ ಬೇರೆ ದಿಕ್ಕಿಗೆ ತಿರುಗಿದ್ದವು. ನಾನು ಕಂಬ ಹಿಡಿದು ನಿಂತು ನೋಡಿದೆ.

ಬತ್ತೇರಿಯಿಂದ ಬಂದ ಡಾಕ್ಟರು ಪದ್ದಿಯ ಕಣ್ಣರೆಪ್ಪೆ ಬಿಡಿಸಿ ನೋಡಿ, ಮಲೇರಿಯಾ ಎಂದರು. ಗುಳಿಗೆಗೆ ಜ್ವರ ಇಳಿಯಿತು. ಮನೆಯಲ್ಲಿ ಯಾರೂ ಅಂಗಳದ ಮಾತೆತ್ತಲಿಲ್ಲ. ಪದ್ದಿಗೆ ಆ ದಿನದ ನೆನಪು ಉಳಿಯಲಿಲ್ಲ; ಆಳುಗಳ ಬಾಯಲ್ಲಿ ಕೇಳಿದ್ದನ್ನೇ ನಂಬಿ ಬೆಳೆದಳು. ಮಾವ ಬದುವನ್ನೆಲ್ಲ ಅಗೆಸಿ ಆ ಗಿಡ ಸುಡಿಸಿದ. ಮುಂದಿನ ಮಳೆಗೆ ಅದು ಮತ್ತೆ ಹಳದಿಯಾಗಿ ಅರಳಿತು. ನೀವು ಪೊಲೀಸರ ಬಳಿ ಹೋಗಲಿಲ್ಲ. ಪಟ್ಟಾ ಇಲ್ಲದ ನೆಲದಲ್ಲಿ ಕೂತವರು, ಎಬ್ಬಿಸಿಬಿಟ್ಟರೆ ಹೆಂಡತಿ ಮಕ್ಕಳೊಂದಿಗೆ ಎಲ್ಲಿಗೆ ಹೋಗುತ್ತಿದ್ದಿರಿ? ಆ ಕೈಯಲ್ಲಿ ಮತ್ತೆ ಮೆಣಸು ಕೊಯ್ಯಲು ಏಣಿ ಹತ್ತಿದ್ದನ್ನು ನಾನು ಕಾಣಲಿಲ್ಲ. ನಿಮ್ಮ ಹೆಂಡತಿ ಹತ್ತುತ್ತಿದ್ದರು.

ಮೊನ್ನೆ ಬಸ್ಸಿನಲ್ಲಿ ಪದ್ದಿಯ ಮೊಮ್ಮಗನಿಗೆ ನೀವು ಮಿಠಾಯಿ ಚಾಚಿದಿರಿ, ಆ ಸೊಟ್ಟ ಕೈಯಿಂದ. ಪದ್ದಿ ಮಗುವಿನ ಮುಂಗೈಗೆ ಪಟ್ಟನೆ ಹೊಡೆದಳು. "ನಂಗೆ ವಿಷ ಹಾಕಿದ ಕೈ ಅದು!" ಇಡೀ ಬಸ್ಸಿಗೆ ಕೇಳಿಸಿತು. ಮಗು ಅತ್ತಿತು. ನೀವು ಮಿಠಾಯಿಯನ್ನು ಜೇಬಿಗೆ ಹಾಕಿಕೊಂಡಿರಿ. ಪಕ್ಕದಲ್ಲೇ ಕೂತಿದ್ದ ನಾನು ಕಿಟಕಿಯಾಚೆ ನೋಡಿದೆ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮಗೆ ಕನ್ನಡ ಓದಲು ಬಾರದು — ಅದನ್ನು ತಿಳಿದೇ ಬರೆಯಲು ಕೂತೆ. ಇದೂ ಹೇಡಿತನವೇ. ನಾಳೆ ಪದ್ದಿಯನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ. ನಿಮ್ಮ ಮಕ್ಕಳೆದುರು, ಅವಳೆದುರು, ಮಲಯಾಳದಲ್ಲಿ ಹೇಳುತ್ತೇನೆ. ಹೇಳಿ ಮುಗಿಸುವ ತನಕ ನನ್ನನ್ನು ಒಳಗೆ ಕರೆಯಬೇಡಿ, ಚೇಟ್ಟಾ.