ಅಣ್ಣನ ಮಷೀನಿನ ಗುರುತು

ಗುಜರಿಯವನ ಗಾಡಿ ಏರಿದ್ದ ಅಣ್ಣನ ಮಷೀನನ್ನು ನಾನೇ ಹೋಗಿ ಇಳಿಸಿಕೊಂಡೆ.

ಅದರ ಬದಲಿಗೆ ಅಣ್ಣನ ಹೆಂಡತಿ, ನಮ್ಮ ವೈನಿ, ತೆಗೆದುಕೊಂಡಿದ್ದ ಎರಡು ಪ್ಲಾಸ್ಟಿಕ್ ಬುಟ್ಟಿ ವಾಪಸು ಕೊಡಬೇಕಾಯಿತು. ಒಂದರಲ್ಲಿ ಆಗಲೇ ಜೋಳ ತುಂಬಿಟ್ಟಿದ್ದರು...

ಮಷೀನು ಅಂದರೆ ಮರ ಕೊಯ್ಯುವ ಚೈನ್ ಗರಗಸ. ಪೆಟ್ರೋಲಿನದು, ಬಹಳ ಹಳೆಯದು. ಅಣ್ಣ ಅದನ್ನು ಚಾಲೂ ಮಾಡಿದರೆ ಕರ್ಜಗಿಯ ನಮ್ಮ ಓಣಿಯಲ್ಲಿ ಯಾರೂ ಫೋನಿನಲ್ಲಿ ಮಾತಾಡುವಂತಿರಲಿಲ್ಲ. ವೈನಿಯಂತೂ ಮದುವೆಯಾದಾಗಿನಿಂದ ಅದನ್ನು ಬೈದವರೇ.

ಅಣ್ಣ ತೀರಿಹೋಗಿ ಎಂಟು ತಿಂಗಳು. ಅಂದಿನಿಂದ ಅದು ಮೂಲೆಯಲ್ಲೇ ಇತ್ತು.

"ಅದು ಹಿಂಗ ಸುಮ್ಮ ಕುಂತಿದ್ದು ನನಗ ನೋಡಾಕ ಆಗವಲ್ದು," ಅಂದರು ವೈನಿ. "ಚಾಲೂ ಆದ್ರ ಇಟ್ಕೊ. ಇಲ್ಲಾಂದ್ರ ಮುಂದಿನ ವಾರ ಅವ ಬಂದಾಗ ಕೊಟ್ಟ ಬಿಡು."

ನನ್ನ ಕೈಯಲ್ಲಿದ್ದದ್ದು ಒಂದು ವಾರ.

ಹಾವೇರಿಯ ಬಿಡಿಭಾಗದ ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಯಾವ ಕಂಪನಿ, ಯಾವ ಮಾಡೆಲ್?

ಅದೇ ಗೊತ್ತಿರಲಿಲ್ಲ. ಪ್ರತಿ ದಸರೆಯ ಖಂಡೇ ಪೂಜೆಗೆ ಅಣ್ಣ ಅದನ್ನು ತೊಳೆದು, ಮನೆಯಲ್ಲಿ ಯಾವ ಬಣ್ಣ ಉಳಿದಿದೆಯೋ ಅದನ್ನೇ ಬಳಿಯುತ್ತಿದ್ದ. ಹೆಸರು, ನಂಬರು ಎಲ್ಲ ಅದರ ಕೆಳಗೆ ಮುಚ್ಚಿಹೋಗಿದ್ದವು.

ರಾಣೆಬೆನ್ನೂರಿನ ಕಾಳಪ್ಪ ಮಿಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಮಷೀನೋ, ಹೋಳಿ ಹುಣ್ಣಿವಿಯೋ?" ಅಂದು ನನ್ನ ಕೈಗೇ ಥಿನ್ನರ್ ಡಬ್ಬಿ, ಅರಿವೆ ಕೊಟ್ಟರು.

ಉಜ್ಜುತ್ತ ಕೂತೆ. ಮೇಲಿನ ಹಸಿರು ನಮ್ಮ ಕಿಟಕಿಯದು. ಅದರ ಕೆಳಗಿನ ನೀಲಿ ಚಕ್ಕಡಿಯದು. ಇನ್ನೂ ಕೆಳಗೆ ಗುಲಾಬಿ... ಎತ್ತಿನ ಕೋಡಿಗೆ ಹಚ್ಚಿ ಉಳಿದದ್ದು.

ಅಂದು ಡೈರಿಯಲ್ಲಿ ಬರೀ ಬಣ್ಣಗಳ ಹೆಸರೇ ಬರೆದೆ.

ತಳದಲ್ಲಿ ಸವೆದ ನಂಬರೊಂದು ಸಿಕ್ಕಿತು. ಕಾಳಪ್ಪ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಶಾಲೆಯಲ್ಲಿ ನಾವು ನಾಣ್ಯದ ಚಿತ್ರ ಮೂಡಿಸುತ್ತಿದ್ದೆವಲ್ಲ, ಹಾಗೆ. ಮಾಡೆಲ್ ಗೊತ್ತಾಯಿತು. ಆದರೆ ಕಾರ್ಬೊರೇಟರಿನೊಳಗಿನ ರಬ್ಬರ್ ಪರದೆ ಹರಿದಿತ್ತು, ಅಂಥದ್ದು ಈಗ ತಯಾರಾಗುವುದಿಲ್ಲವಂತೆ.

ಬ್ಯಾಡಗಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಇದೇ ಜಾತಿಯ ಕೆಟ್ಟ ಮಷೀನು ಇದೆ ಎಂದು ಅವರೇ ಹೇಳಿ ಕಳಿಸಿದರು. ಅಡ್ಡೆಯ ಹಿರಿಯರು ಅಣ್ಣನನ್ನು ಬಲ್ಲವರು. ಅವನ ಹೆಸರು ಹೇಳುತ್ತಲೇ ಪರದೆ ಬಿಚ್ಚಿ ಕೊಟ್ಟರು. ನನ್ನ ಕಣ್ಣು ನೋಡಿ ಏನಾಯಿತೆಂದು ಕೇಳಿದರು. ಮೆಣಸಿನಕಾಯಿ ಘಾಟು ಅಂದೆ.

"ನಮ್ಮ ಕಾಯಿ ಬಣ್ಣಕ್ಕ ಹೆಸರಾದದ್ದೋ ತಮ್ಮಾ," ಅಂದರು. "ಅಷ್ಟೇನ ಖಾರ ಇರಂಗಿಲ್ಲ."

ಕಾಳಪ್ಪ ಪರದೆ ಹಾಕಿ ಮಷೀನು ಕೊಟ್ಟರು. ಏಳನೆಯ ದಿನ ಅಂಗಳದಲ್ಲಿ ಅದರ ಹಗ್ಗ ಜಗ್ಗಿದೆ. ಮೂರನೇ ಸಲಕ್ಕೆ ಚಾಲೂ ಆಯಿತು. ಹೊಸ ಬೈಕಿನ ಹಾಗೆ ಮೆತ್ತಗೆ ಗುರುಗುಟ್ಟಿತು.

ವೈನಿ ಒಳಗಿಂದ ಬಂದು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಇದು ಅವರ ಮಷೀನ್ ಅಲ್ಲ," ಅಂದರು. "ಯಾರದೋ ತಂದೀದಿ."

ನಂಬರು ತೋರಿಸಿದೆ. ಸಂದಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣ ತೋರಿಸಿದೆ. ಅವರು ತಲೆ ಅಲ್ಲಾಡಿಸಿ, ಗುಜರಿಯವನು ನಾಳೆ ಬರುತ್ತಾನೆ ಅಂದರು.

ಸದ್ದು ಹೇಗೆ ಬದಲಾಯಿತೆಂದು ಕೇಳಲು ಕಾಳಪ್ಪನವರಿಗೆ ಫೋನ್ ಮಾಡಿದೆ. ಅವರು ಹೆಮ್ಮೆಯಿಂದಲೇ ಹೇಳಿದರು... ಹಳೇ ಸೈಲೆನ್ಸರಿನ ಒಳಗೆಲ್ಲ ತೂತು ಬಿದ್ದಿತ್ತಂತೆ, ನನಗೆ ಹೇಳದೆ ಪ್ರೀತಿಯಿಂದ ಬೇರೆ ಮಾಡೆಲಿನ ಹೊಸದೊಂದನ್ನು ಹೊಂದಿಸಿ ಹಾಕಿದ್ದಾರಂತೆ.

ಅದೇ ತೂತಿನದು ವಾಪಸು ಬೇಕು ಅಂದೆ.

"ಗದ್ದಲ ಕಡಿಮಿ ಮಾಡ್ರಿ ಅನ್ನಾವ್ರನ್ನ ನೋಡೇನಿ," ಅಂದರು. "ನಿನ್ನಂಥಾವ್ನ ಇವತ್ತ ನೋಡಾಕತ್ತೇನಿ."

ಬೈಕ್ ಹತ್ತಿ ರಾಣೆಬೆನ್ನೂರಿಗೆ ಹೋದೆ. ಅವರ ಸಾಮಾನಿನ ರಾಶಿಯಲ್ಲಿ ಹುಡುಕಿ, ಅಲ್ಲೇ ಹಾಕಿಸಿಕೊಂಡು ಬಂದೆ.

ಸಂಜೆ ಮತ್ತೆ ಹಗ್ಗ ಜಗ್ಗುತ್ತೇನೆ. ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳುತ್ತವೆ, ತಗಡು ನಡುಗುತ್ತದೆ, ಎದುರು ಮನೆಯವರು ಟಿವಿಯ ದನಿ ಏರಿಸುತ್ತಾರೆ.

ವೈನಿ ಬಾಗಿಲಲ್ಲಿ ನಿಂತಿದ್ದಾರೆ. ಒಂದು ಕಿವಿ ಮುಚ್ಚಿಕೊಂಡಿದ್ದಾರೆ. ಇನ್ನೊಂದನ್ನು ಮುಚ್ಚಿಲ್ಲ.

ಬಹಳ ಹೊತ್ತಿನ ಮೇಲೆ, ಸಾಕು ಬಂದ್ ಮಾಡು ಎಂದು ಕೈ ಮಾಡುತ್ತಾರೆ. ಒಳಗೆ ಹೋಗುವಾಗ, "ನಾಳೆ ಮುಂಜಾನೆ ಒಮ್ಮಿ ಹಚ್ಚು," ಅನ್ನುತ್ತಾರೆ.

ಬೈದುಕೊಂಡೇ ಜೊತೆಗೆ ಬಾಳುವೆ ಮಾಡಿದ ಇಂಥದೊಂದು ಸದ್ದು ನಿಮ್ಮ ಮನೆಯಲ್ಲೂ ಇದೆಯೇ?