ಎರಡು ಸಲ ತಟ್ಟಿದರೆ ಸಾಕು

ಗಜೇಂದ್ರಗಡದ ಗುಡ್ಡ ಇನ್ನೂ ಮಬ್ಬಿನಲ್ಲಿದೆ. ನೇಕಾರರ ಓಣಿಯ ಗರಡಿಮನೆಯ ಗಿಡ್ಡ ಬಾಗಿಲನ್ನು ತಲೆ ಬಗ್ಗಿಸಿ ದಾಟಿ ಗವಿಸಿದ್ದಪ್ಪ ಒಳಗೆ ಬರುತ್ತಾರೆ. ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಕಂದೀಲು. ಕುಸ್ತಿ ಕಣದ ಕೆಂಪು ಮಣ್ಣು ನಿನ್ನೆಯ ತುಳಿತಕ್ಕೆ ಗಟ್ಟಿಯಾಗಿದೆ. ಅವರು ಕೂಡಲೇ ಅಗೆಯುವುದಿಲ್ಲ. ಕಂದೀಲನ್ನು ನೆಲದ ಹತ್ತಿರ ಹಿಡಿದು, ಕಳೆದ ಮೂಗುತಿ ಹುಡುಕುವವರಂತೆ ಕಣವನ್ನು ಒಂದು ಸುತ್ತು ಬರುತ್ತಾರೆ. ಮೂಲೆಯಲ್ಲಿ ಅಂಗೈಯ ಗುರುತು, ಪಕ್ಕಪಕ್ಕದಲ್ಲಿ ಎರಡು. ಅವರ ಮುಖ ಅರಳುತ್ತದೆ. "ನಿನ್ನೆ ಯಾವನೋ ಒಬ್ಬಾಂವ ಶ್ಯಾಣ್ಯಾ ಆಗ್ಯಾನ" ಎಂದುಕೊಂಡು, ಆ ಮೂಲೆಯನ್ನು ಕೊನೆಗೆ ಬಿಟ್ಟು, ಉಳಿದ ಕಡೆ ಸಲಿಕೆ ಹಾಕುತ್ತಾರೆ.

ನಲವತ್ತಾರರ ಗವಿಸಿದ್ದಪ್ಪ ಜನ್ಮದಲ್ಲಿ ಒಮ್ಮೆಯೂ ಲಂಗೋಟಿ ಬಿಗಿದು ಕಣಕ್ಕೆ ಇಳಿದವರಲ್ಲ. ಮೈ ನೋಡಿದರೆ ಗಾಳಿಗೆ ಹಾರಿಹೋದಾರು ಎನಿಸುತ್ತದೆ. ಆದರೂ ಈ ಕಣದ ಮಣ್ಣಿನ ಹೊಣೆ ಅವರದೇ. ದಿನಕ್ಕೆ ಎರಡು ತಾಸು ಅಗೆತ, ಆರು ಕೊಡ ನೀರು. ವಾರಕ್ಕೊಮ್ಮೆ ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ ಕಲಸಿ ಹದ ಮಾಡುವ ಕೆಲಸ. ಹೊತ್ತು ಏರಿದ ಮೇಲೆ ಮನೆಯ ಕುಣಿಮಗ್ಗಕ್ಕೆ ಇಳಿದರೆ ಸಂಜೆಯವರೆಗೆ ಸೀರೆ ನೇಯ್ಗೆ. "ಮುಂಜಾನೆ ಒಂದು ಕುಣ್ಯಾಗ, ಆಮ್ಯಾಲ ಇನ್ನೊಂದು ಕುಣ್ಯಾಗ. ನಮ್ಮ ಮನಿಯವ್ರು ಭೂಮಿ ಮ್ಯಾಲ ಇರೂದ ಕಡಿಮಿ ನೋಡ್ರಿ" ಎಂದು ಹೆಂಡತಿ ತಿಪ್ಪವ್ವ ನಗುತ್ತಾರೆ.

ಭೂಮಿಯ ಮೇಲೆ ಕಡಿಮೆ ಇದ್ದರೂ ಸಮುದ್ರ ದಾಟಿ ಬಂದ ಮನುಷ್ಯ ಇವರು. ನಾಲ್ಕು ವರ್ಷದ ಹಿಂದೆ ಮುಂಬಯಿಯ ಬಟ್ಟೆ ವ್ಯಾಪಾರಿಯೊಬ್ಬರು, ಅರಿವೆಯ ತಪ್ಪು ಹಿಡಿಯುವ ಇವರ ಬೆರಳುಗಳನ್ನು ಮೆಚ್ಚಿ, ಜಪಾನಿನ ಕೋಬೆ ಬಂದರಿನ ತಮ್ಮ ಗೋದಾಮಿಗೆ ಕರೆದೊಯ್ದರು. ಅಲ್ಲಿ ರೊಟ್ಟಿಯಿಲ್ಲ, ಕನ್ನಡವಿಲ್ಲ, ಕಷ್ಟಸುಖಕ್ಕೆ ಒಂದು ನರಪಿಳ್ಳೆಯಿಲ್ಲ. ಗೋದಾಮಿನ ಹಿಂದಿನ ಓಣಿಯಲ್ಲಿ ಮಾತ್ರ ಮರದ ದೊಡ್ಡ ಮನೆಯೊಂದಿತ್ತು. ನಸುಕಿನಲ್ಲಿ ಅದರ ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತು. ಬಿಳಿ ದಪ್ಪ ಅಂಗಿಯವರು ಹುಲ್ಲಿನ ಚಾಪೆಯ ಮೇಲೆ ಒಬ್ಬರಿಗೊಬ್ಬರು ಬಾಗಿ, ಅಂಗಿ ಹಿಡಿದು, ಎತ್ತಿ ಒಗೆಯುತ್ತಿದ್ದರು. ಅದು ಜೂಡೊ ಎಂಬ ಅಲ್ಲಿಯ ಕುಸ್ತಿ. "ಹೊರಗ ಹಿಂಜಿದ ಅರಳಿ ಹಂಗ ಹಿಮ ಬೀಳ್ತಿತ್ತರಿ, ಸಪ್ಪಳಿಲ್ದ. ಒಳಗ ಮಂದಿ ಬೀಳ್ತಿದ್ರು, ಧಪ್ ಅಂತ. ಬಾಗಲದಾಗ ನಿಂತ್ಕೊಂಡು ನೋಡೂದು ನಾನೊಬ್ಬನ. ಎಚ್ಚರದಾಗ ಅದೀನೋ, ಕನಸಿನ್ಯಾಗ ಅದೀನೋ ತಿಳೀತಿರಲಿಲ್ಲ."

ಅವರ ಕಣ್ಣು ಒಬ್ಬ ಸಣಕಲನ ಮೇಲೆ ಬಿತ್ತು. ಯಾರಾದರೂ ಕೆಳಗೆ ಕೆಡವಿ ಕೈ ತಿರುವಿದರೆ ಸಾಕು, ಅವನು ಚಾಪೆಯನ್ನು ಎರಡು ಸಲ ಬಡಿಯುತ್ತಿದ್ದ. ನಮ್ಮ ಗರಡಿಯಲ್ಲಿ ತೊಡೆ ತಟ್ಟಿ ಶಡ್ಡು ಹೊಡೆದರೆ ಅದು ಸವಾಲು. ಗವಿಸಿದ್ದಪ್ಪ ಇದನ್ನೂ ಹಾಗೇ ತಿಳಿದರು. "ಉಸಿರು ಸಿಕ್ಕೊಂಡಾಗ್ಲೂ ಶಡ್ಡು ಹೊಡೀತಾನಲ್ಲ, ಎಂಥಾ ಗಂಡು ಇಂವಾ, ಅಂದ್ಕೊಂಡೆ." ಮೂರು ತಿಂಗಳು ಅವನೇ ಇವರ ವೀರ. ಒಂದು ದಿನ ತಡೆಯಲಾರದೆ "ಭಲೇ ಬಹಾದ್ದರ!" ಎಂದು ಕೂಗಿಯೇಬಿಟ್ಟರು. ಇಡೀ ಮನೆ ತಿರುಗಿ ನೋಡಿತು. ತಲೆ ನೆರೆತ ಗುರುಗಳು ಹೊಸ್ತಿಲಿಗೆ ಬಂದು, ಬಾಗಿ ನಮಸ್ಕರಿಸಿ, ಇವರ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುವಿದರು. ನೋವು ತೋಳಿಗೆ ಏರಿತು. ಗುರುಗಳು ಇವರ ಇನ್ನೊಂದು ಕೈಯನ್ನು ತಾವೇ ಹಿಡಿದು ಬಾಗಿಲಿಗೆ ಎರಡು ಸಲ ತಟ್ಟಿಸಿದರು. ಮರುಕ್ಷಣ ಹಿಡಿತ ಬಿಟ್ಟರು.

"ಆವಾಗ ತಿಳೀತ್ರಿ. ಅದು 'ಬಾ' ಅಂತಲ್ಲ, 'ಸಾಕು' ಅಂತ. ನಾ ತಲಿ ಮ್ಯಾಲ ಹೊತ್ಕೊಂಡಿದ್ದ ಮಹಾಶೂರ ದಿನಾ ಎಲ್ಲಾರಕಿಂತ ಹೆಚ್ಚ ಸೋಲಾಂವ! ಆದ್ರ ಮರುದಿನಾ ಬರ್ತಿದ್ದ ನೋಡ್ರಿ, ಕೈಕಾಲು ಸಾಬೂತ ಇಟ್ಕೊಂಡು."

ಊರಿಗೆ ಪತ್ರ ಬರೆಯುವಾಗ ಹಿಮದ ಸುದ್ದಿ ಬರೆದರು, ಮೀನಿನ ಸುದ್ದಿ ಬರೆದರು. ಇದೊಂದನ್ನು ಬರೆಯಲಿಲ್ಲ. ಮಂದಿ ನಗುತ್ತಾರೆಂಬ ನಾಚಿಕೆ. ಆರು ತಿಂಗಳಾದ ಮೇಲೆ ಊರಿನಿಂದಲೇ ಪತ್ರ ಬಂತು. ತಮ್ಮ ಪರಪ್ಪ ಇದೇ ಗರಡಿಯಲ್ಲಿ ತೋಳು ಊನ ಮಾಡಿಕೊಂಡಿದ್ದ. ಬೆನ್ನು ಮಣ್ಣಿಗೆ ತಾಗುವವರೆಗೆ ಹಿಡಿತ ಬಿಡುವ ರೂಢಿ ಇಲ್ಲಿರಲಿಲ್ಲ, ಸಾಕೆನ್ನುವ ರೂಢಿ ಮೊದಲೇ ಇಲ್ಲ. ಹುಡುಗ ಹಲ್ಲು ಕಚ್ಚಿ ತಡೆದ, ಕೀಲು ತಪ್ಪಿತು. ದವಾಖಾನೆಯಲ್ಲಿ ಕೂಡಿಸಿದರೂ ಬಲಗೈ ಮೊದಲಿನಂತಾಗಲಿಲ್ಲ. ಮಗ್ಗದಲ್ಲಿ ಲಾಳಿ ಓಡಿಸುತ್ತಿದ್ದವನು ಈಗ ಎಡಗೈಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಾನೆ. "ನಾ ಒಂದು ಸಾಲು ಬರದು ಕಳಿಸಿದ್ರ ತಮ್ಮನ ಕೈ ಉಳೀತಿತ್ತೋ ಏನೋ" ಎನ್ನುವಾಗ ಗವಿಸಿದ್ದಪ್ಪನವರ ಸಲಿಕೆ ನಿಲ್ಲುತ್ತದೆ.

ಕೋಬೆ ಬಿಟ್ಟು ಬಂದವರೇ ಅವರು, ಕುಸ್ತಿ ಕಲಿಸುವ ವಸ್ತಾದ ಮೆಹಬೂಬಸುಭಾನಿಯವರ ಮುಂದೆ ಕೈ ಮುಗಿದು ನಿಂತರು. ತಾಲೀಮಿನಲ್ಲಾದರೂ ಎರಡು ಸಲ ಮಣ್ಣು ತಟ್ಟಿದರೆ ಬಿಡಬೇಕು ಎಂದು ಬೇಡಿದರು. ವಸ್ತಾದರು ಕಿವಿಗೆ ಹಾಕಿಕೊಳ್ಳಲಿಲ್ಲ. "ನೀ ಕಣಕ್ಕ ಇಳದಾಂವಲ್ಲ ತಮ್ಮಾ, ನೋಡಿದಾಂವ. ಸಾಕು ಅಂದಾಂವ ಪೈಲ್ವಾನ ಹ್ಯಾಂಗಾದಾನು?" ಗವಿಸಿದ್ದಪ್ಪ ವಾದ ಮಾಡಲಿಲ್ಲ. "ಹಂಗಾದ್ರ ಮಣ್ಣರ ಮೆತ್ತಗ ಮಾಡ್ಕೊಡ್ತೀನ್ರಿ" ಎಂದರು. ಅಂದು ಹಿಡಿದ ಸಲಿಕೆ ಇದು. ಅಗೆಯುತ್ತ, ಬಂದವರಿಗೆಲ್ಲ ಕೋಬೆಯ ಸಣಕಲನ ಕಥೆ ಹೇಳುವುದನ್ನು ಮಾತ್ರ ಬಿಡಲಿಲ್ಲ. ಕೇಳಿದವರು ನಕ್ಕರು. ಈಗ ನಕ್ಕರೆ ಅವರಿಗೆ ಬೇಜಾರಿರಲಿಲ್ಲ.

ಎರಡು ವರ್ಷ ಹೀಗೆ ಕಳೆದ ಮೇಲೆ, ಈಚಿನ ಯುಗಾದಿಯ ಮರುವಾರ, ಅರವತ್ತು ದಾಟಿದ ವಸ್ತಾದರು ಹೇಮಪ್ಪ ಎಂಬ ಗಟ್ಟಿಮುಟ್ಟಾದ ನೇಕಾರನಿಗೆ ಹಿಡಿತ ಬಿಡಿಸಿಕೊಳ್ಳುವ ಪಟ್ಟು ತೋರಿಸುತ್ತಿದ್ದರು. ಕಾಲು ಜಾರಿತು. ಅವರ ತೋಳು ಹೇಮಪ್ಪನ ಕೈಯೊಳಗೆ ಸಿಕ್ಕಿತು. ಅವರ ಮುಖ ಕಪ್ಪಿಟ್ಟಿತು. ಬಿಡು ಎಂದು ಅವರು ಹೇಳಲಾರರು, ಹೇಳದೆ ಇವನು ಬಿಡಲಾರ. ಗವಿಸಿದ್ದಪ್ಪ ಕೈಯಲ್ಲಿದ್ದ ಕೊಡವನ್ನು ನೆಲಕ್ಕಿಟ್ಟರು. ಆಗ ವಸ್ತಾದರ ಇನ್ನೊಂದು ಕೈ ಮೆಲ್ಲಗೆ ಬಿಚ್ಚಿಕೊಂಡಿತು. ಮಣ್ಣಿನ ಮೇಲೆ ಬಿತ್ತು, ಒಂದು ಸಲ. ಇನ್ನೊಂದು ಸಲ. ನೂರು ಸಲ ಆ ಕಥೆ ಕೇಳಿದ್ದ ಹೇಮಪ್ಪ ತಟ್ಟನೆ ಕೈ ಬಿಟ್ಟ.

ವಸ್ತಾದರು ಎದ್ದು, ಭುಜಕ್ಕೆ ಒಂದು ಹಿಡಿ ಮಣ್ಣು ತಿಕ್ಕಿಕೊಂಡರು. "ಗವಿಸಿದ್ದಪ್ಪಾ, ಮಣ್ಣು ಚಲೋ ಹದಾ ಆಗೇತಿ. ಅಂಗೈ ಭಾಳ ಚಂದ ಮೂಡೇತಿ ನೋಡು." ಅಷ್ಟೇ. ಮರುದಿನದಿಂದ ತಾಲೀಮಿನಲ್ಲಿ ಎರಡು ಸಲ ತಟ್ಟಿದರೆ ಬಿಡುತ್ತಾರೆ. ಎಂಟು ತಿಂಗಳಾಯಿತು, ಒಬ್ಬರ ಕೀಲೂ ತಪ್ಪಿಲ್ಲ.

ಬೆಳಕು ಹರಿಯುತ್ತಿದೆ. ಹೊಸ್ತಿಲ ಮೇಲೆ ಪರಪ್ಪ ಬಂದು ಕೂತಿದ್ದಾನೆ. ಅಣ್ಣನ ಸಲಿಕೆ ಕೊನೆಯ ಮೂಲೆಗೆ ಬಂದಾಗ ಅವನು ಕೇಳುತ್ತಾನೆ: "ಅಷ್ಟು ಚಂದ ಮೂಡ್ಯಾವು, ಇರಲಿ ಬಿಡೋ ಅಣ್ಣಾ. ಯಾಕ ಅಳಸ್ತಿ?"

ಗವಿಸಿದ್ದಪ್ಪ ತಮ್ಮನ ಬಲಗೈಯನ್ನು ಒಂದು ಗಳಿಗೆ ನೋಡುತ್ತಾರೆ. ಆಮೇಲೆ ಮಣ್ಣನ್ನು ಮೆತ್ತಗೆ ಮಗುಚುತ್ತಾರೆ.

"ಇವತ್ತಿನ ಕೈಗೆ ಜಾಗಾ ಬೇಕಲ್ಲೋ, ತಮ್ಮಾ."